ಜನವರಿ 1ರ ಅಲಸಂದೆ: ಜಾರ್ಜಿಯಾ, ಕ್ಯಾರೊಲಿನಾ ಕಡೆಗೆ ಹೊಸದಾಗಿ ಬಂದವರಿಗೆ

ಡಿಸೆಂಬರ್ ಕೊನೆಯ ವಾರ ಇಲ್ಲಿ ದಿನಸಿ ತರಲು ಹೋದರೆ ಅಲಸಂದೆ ಕಾಳಿನ ಜಾಗ ಎಷ್ಟೋ ಸಲ ಖಾಲಿಯಾಗಿರುತ್ತದೆ. ಒಣ ಕಾಳೂ ಇಲ್ಲ, ಡಬ್ಬಿಯದೂ ಇಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನವರಿ 1ರಂದು ಅಲಸಂದೆ ತಿನ್ನಬೇಕು ಎನ್ನುವುದು ಹಳೆಯ ಪದ್ಧತಿ. ಯುಗಾದಿಗೆ ನಮಗೆ ಬೇವು-ಬೆಲ್ಲ ಇದ್ದ ಹಾಗೆ. ಕಾಳು ಅಂದರೆ ನಾಣ್ಯ, ಪಕ್ಕದಲ್ಲಿ ಬಡಿಸುವ ಸೊಪ್ಪು ಅಂದರೆ ನೋಟು, ಮೆಕ್ಕೆಜೋಳದ ಕಾರ್ನ್‌ಬ್ರೆಡ್ ಅಂದರೆ ಚಿನ್ನ. ಮೂರೂ ತಿಂದರೆ ವರ್ಷವಿಡೀ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂದು ನಂಬಿಕೆ.

ಇಲ್ಲಿನ ಅಡುಗೆಯಲ್ಲಿ ಏನಾದರೂ ಒಂದನ್ನು ಕಲಿಯಬೇಕು ಎಂದರೆ ಇದರಿಂದಲೇ ಶುರು ಮಾಡಿ. ಕಾಳು ನಮಗೆ ಗೊತ್ತಿರುವುದೇ. ಬದನೆಕಾಯಿ ಜೊತೆ ಹುಳಿ, ಉಸ್ಲಿ, ವಡೆ ಎಲ್ಲ ಮಾಡಿದವರು ನಾವು. ಆದರೆ ಇಲ್ಲಿನ ರುಚಿ ಬೇರೆ. ಮೊದಲ ಸಲವಾದರೂ ಸಾರಿನ ಪುಡಿ, ಸಾಸಿವೆ ಒಗ್ಗರಣೆ ದೂರ ಇಟ್ಟು ಇವರ ರೀತಿಯಲ್ಲೇ ಬೇಯಿಸಿ. ಗಟ್ಟಿ ಖಾರ ಇಲ್ಲದೆಯೂ ಈ ಕಾಳಿಗೆ ತನ್ನದೇ ಮಣ್ಣಿನ ಘಮ ಇದೆ ಎಂದು ಆಗ ಗೊತ್ತಾಗುತ್ತದೆ.

ಇದು ಯಾರ ಅಡುಗೆ ಎಂಬುದೂ ತಿಳಿದಿರಲಿ. ಅಲಸಂದೆಯ ಮೂಲ ಆಫ್ರಿಕಾ. ಅಲ್ಲಿಂದ ಭಾರತಕ್ಕೆ ಸಾವಿರಾರು ವರ್ಷಗಳ ಹಿಂದೆಯೇ ಬಂತು. ಅಮೆರಿಕಕ್ಕೆ ಬಂದದ್ದು ಗುಲಾಮರ ವ್ಯಾಪಾರದ ಕಾಲದಲ್ಲಿ. ಪಶ್ಚಿಮ ಆಫ್ರಿಕಾದಿಂದ ಹಿಡಿದು ತಂದ ಜನರೇ ಇಲ್ಲಿ ಇದನ್ನು ಬೆಳೆದರು, ಬೇಯಿಸಿದರು. ದಕ್ಷಿಣ ಕ್ಯಾರೊಲಿನಾದ ಕರಾವಳಿಯ ಗದ್ದೆಗಳಲ್ಲಿ ಭತ್ತ ಬೆಳೆದದ್ದೂ ಅವರ ದುಡಿಮೆ. ಅಕ್ಕಿ, ಅಲಸಂದೆ ಸೇರಿದ ಹಾಪಿನ್ ಜಾನ್ ಎಂಬ ಅನ್ನ ಅದೇ ಕರಾವಳಿಯದು. ನೈಜೀರಿಯಾದಲ್ಲಿ ಈಗಲೂ ಅಲಸಂದೆ ನೆನೆಸಿ, ಸಿಪ್ಪೆ ತೆಗೆದು, ಅರೆದು, ಎಣ್ಣೆಯಲ್ಲಿ ಕರಿದು ಬೆಳಗ್ಗೆ ತಿನ್ನುತ್ತಾರೆ. ಅದರ ಹೆಸರು ಅಕಾರಾ. ನಮ್ಮ ಅಲಸಂದೆ ವಡೆ ತಿಂದವರಿಗೆ ಅದು ಹೊಸದು ಅನ್ನಿಸುವುದೇ ಇಲ್ಲ.

ಜನವರಿ 1ಕ್ಕೆ ಕಪ್ಪು ಜನರ ಮನೆಗಳಲ್ಲಿ ಇನ್ನೊಂದು ಅರ್ಥವೂ ಇದೆ. ಅಂತರ್ಯುದ್ಧದಲ್ಲಿ ದೇಶದಿಂದ ಸಿಡಿದುಹೋದ ಬಂಡಾಯ ರಾಜ್ಯಗಳಲ್ಲಿದ್ದ ಗುಲಾಮರು ಇನ್ನು ಸ್ವತಂತ್ರರು ಎಂಬ ಆಗಿನ ಅಧ್ಯಕ್ಷ ಲಿಂಕನ್ ಅವರ ಘೋಷಣೆ ಹೊರಬಿದ್ದದ್ದು 1863ರ ಆ ದಿನ. ಹಿಂದಿನ ರಾತ್ರಿ ಜನ ಚರ್ಚುಗಳಲ್ಲಿ ಸೇರಿ ಎಚ್ಚರವಾಗಿದ್ದು ಕಾದಿದ್ದರು. ಡಿಸೆಂಬರ್ 31ರ ರಾತ್ರಿ ಹಾಗೆ ಸೇರುವುದು ಎಷ್ಟೋ ಚರ್ಚುಗಳಲ್ಲಿ ಇಂದಿಗೂ ಉಂಟು. ಪಕ್ಕದ ಮನೆಯವರು ಒಂದು ಬಟ್ಟಲು ಅಲಸಂದೆ ತಂದುಕೊಟ್ಟರೆ ಇದು ನೆನಪಿರಲಿ.

ಸಸ್ಯಾಹಾರಿಗಳು ಮಾತ್ರ ಹುಷಾರಾಗಿರಬೇಕು. ಇಲ್ಲಿನ ಪಾತ್ರೆಯಲ್ಲಿ ಹೊಗೆ ಹಾಕಿದ ಹಂದಿ ಮಾಂಸ ಅಥವಾ ಟರ್ಕಿ ಕೋಳಿ ಇರುವುದೇ ರೂಢಿ. ಮೇಲೆ ತುಂಡು ಕಾಣದಿದ್ದರೂ ರಸ ಅದರದ್ದೇ. ಹೋಟೆಲಿನಲ್ಲಿ ‘ತರಕಾರಿ’ ಪಟ್ಟಿಯಲ್ಲಿ ಬರೆದಿದ್ದರೂ ಕೇಳಿಯೇ ತಿನ್ನಿ. ಸೊಪ್ಪಿಗೂ ಇದೇ ಮಾತು. ಡಬ್ಬಿ ಅಲಸಂದೆ ಕೊಳ್ಳುವಾಗ ಹಿಂದೆ ಬರೆದದ್ದನ್ನು ಓದಿ, ಬೇಕನ್, ಅಂದರೆ ಹಂದಿ ಮಾಂಸ, ಸೇರಿಸಿದ್ದೂ ಸಿಗುತ್ತದೆ. ಕಾರ್ನ್‌ಬ್ರೆಡ್ ಮಿಕ್ಸ್ ಮೇಲೆ ಲಾರ್ಡ್ ಎಂದಿದ್ದರೆ ಅದು ಹಂದಿ ಕೊಬ್ಬು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಂದಿ ತಿನ್ನದವರು ಇಲ್ಲಿ ನಾವಷ್ಟೇ ಅಲ್ಲವಲ್ಲ.

ಕಾಳು ಅಮೆರಿಕನ್ ಅಂಗಡಿಯಲ್ಲಿ ಖಾಲಿಯಾದರೆ ಇಂಡಿಯನ್ ಸ್ಟೋರಿಗೆ ಹೋಗಿ. ಅಲ್ಲಿ ಪೊಟ್ಟಣದ ಮೇಲೆ ಲೋಬಿಯಾ ಅಥವಾ ಚವಳಿ ಎಂದಿರುತ್ತದೆ. ಬೆನ್ನ ಮೇಲೆ ಧೂಳು ಕೂತ ಪೊಟ್ಟಣ ಬೇಡ. ವರ್ಷಗಟ್ಟಲೆ ಇಟ್ಟ ಕಾಳು ಎಷ್ಟು ಬೇಯಿಸಿದರೂ ಗಟ್ಟಿ. ಬೇಸಿಗೆಯಲ್ಲಿ ರೈತರ ಸಂತೆಯಲ್ಲಿ ಹಸಿ ಕಾಳು ಬಂದರೆ ಬಿಡಬೇಡಿ, ಅರ್ಧ ಗಂಟೆಯಲ್ಲಿ ಬೇಯುತ್ತದೆ. ಅದೇ ಹಸಿ ಕಾಳು ಫ್ರೀಜರ್ ವಿಭಾಗದಲ್ಲಿ ವರ್ಷವಿಡೀ ಸಿಗುತ್ತದೆ.

ಇನ್ನು ಬೇಯಿಸೋಣ. ಒಂದು ಪೌಂಡ್, ಅಂದರೆ 454 ಗ್ರಾಂ ಒಣ ಕಾಳು ಆರೇಳು ಜನಕ್ಕೆ ಸಾಕು. ತಟ್ಟೆಯಲ್ಲಿ ಹರಡಿ ಕಲ್ಲು ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆಯಿರಿ. ಈ ಕಾಳಿನ ಸಿಪ್ಪೆ ತೆಳು. ರಾತ್ರಿಯಿಡೀ ನೆನೆಸಲೇಬೇಕು ಎಂದೇನಿಲ್ಲ. ನೆನೆಸಿದರೆ ಹದಿನೈದು ಇಪ್ಪತ್ತು ನಿಮಿಷ ಉಳಿಯುತ್ತದೆ, ಅಷ್ಟೇ.

ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ ಕಾಯಿಸಿ. ಒಂದು ದೊಡ್ಡ ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಎರಡು ದಂಟು ಸೆಲರಿ ಸಣ್ಣಗೆ ಹೆಚ್ಚಿ ಹಾಕಿ. ಅವಸರ ಬೇಡ. ಈರುಳ್ಳಿಯ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ, ಹತ್ತು ಹನ್ನೆರಡು ನಿಮಿಷ ಬಾಡಿಸಿ. ಮಾಂಸ ಹಾಕದವರಿಗೆ ರುಚಿಯ ಆಳ ಬರುವುದು ಇಲ್ಲಿಂದಲೇ. ಆಮೇಲೆ ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಚಮಚ ಸ್ಮೋಕ್ಡ್ ಪ್ಯಾಪ್ರಿಕಾ. ಬರೀ ಪ್ಯಾಪ್ರಿಕಾ ಅಲ್ಲ, ಡಬ್ಬಿ ಮೇಲೆ ಸ್ಮೋಕ್ಡ್ ಎಂದೇ ಇರಬೇಕು. ಹೊಗೆಯ ವಾಸನೆ ಅದರಿಂದಲೇ ಬರುವುದು. ಪುಡಿ ಬೇಗ ಸೀಯುತ್ತದೆ, ಅರ್ಧ ನಿಮಿಷ ಕೈಯಾಡಿಸಿ ಕೂಡಲೇ ಏಳು ಕಪ್ ನೀರು ಹೊಯ್ಯಿರಿ.

ಕಾಳು, ಎರಡು ಬೇ ಲೀಫ್, ಚಿಟಿಕೆ ಥೈಮ್, ಒಂದೂವರೆ ಚಮಚ ಉಪ್ಪು ಹಾಕಿ. ಊರಿನಿಂದ ತಂದ ಪಲಾವ್ ಎಲೆ ಇದಕ್ಕೆ ಆಗುವುದಿಲ್ಲ. ಅದು ಬೇರೆ ಗಿಡ, ಚಕ್ಕೆಯ ವಾಸನೆ ಕೊಡುತ್ತದೆ. ಕುದಿ ಬಂದ ಮೇಲೆ ಉರಿ ಪೂರ್ತಿ ಇಳಿಸಿ, ಮುಚ್ಚಳ ಓರೆ ಮಾಡಿ ಇಡಿ. ಮೇಲೆ ಒಂದೊಂದೇ ಗುಳ್ಳೆ ಬರುತ್ತಿರಬೇಕು. ಜೋರಾಗಿ ಕುದಿಸಿದರೆ ಸಿಪ್ಪೆ ಬಿಟ್ಟುಹೋಗಿ ಕಾಳು ಒಡೆಯುತ್ತದೆ. ನೆನೆಸದ ಕಾಳಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ನೀರು ಕಡಿಮೆಯಾದರೆ ಬಿಸಿ ನೀರು ಸೇರಿಸಿ.

ಟೊಮೇಟೊ, ವಿನೆಗರ್, ನಿಂಬೆಹಣ್ಣು ಯಾವುದನ್ನೂ ಮೊದಲೇ ಹಾಕಬೇಡಿ. ಹುಳಿ ಸೇರಿದರೆ ಕಾಳು ಮೆತ್ತಗಾಗುವುದು ತಡ. ಗಡಸು ನೀರಿಗೂ ಅದೇ ಗುಣ. ನಿಮ್ಮ ಊರಿನ ನೀರು ಗಡಸಾಗಿದ್ದರೆ ಚಿಟಿಕೆ ಅಡುಗೆ ಸೋಡಾ ಹಾಕಿ, ಜಾಸ್ತಿ ಆದರೆ ಕಾಳು ಕರಗಿ ಸೋಪಿನ ರುಚಿ ಬರುತ್ತದೆ. ಕಾಳು ಬೆಂದ ಮೇಲೆ ಒಂದು ಸೌಟು ತೆಗೆದು ಪಾತ್ರೆಯ ಅಂಚಿಗೆ ಒತ್ತಿ ನುರಿದು ಕಲಸಿಬಿಡಿ. ರಸ ಮಂದವಾಗುತ್ತದೆ. ಒಂದು ಚಮಚ ಸೋಯಾ ಸಾಸ್ ಹಾಕಿದರೆ ಮಾಂಸದ ರಸಕ್ಕೆ ಇರುವ ತೂಕ ಸ್ವಲ್ಪ ಬರುತ್ತದೆ. ಇದು ಇಲ್ಲಿನ ಪದ್ಧತಿ ಅಲ್ಲ, ಆದರೆ ನಮ್ಮಂಥವರಿಗೆ ಒಳ್ಳೆಯ ದಾರಿ. ಒಲೆ ಆರಿಸಿ ಇಪ್ಪತ್ತು ನಿಮಿಷ ಸುಮ್ನೆ ಬಿಡಿ.

ಇನ್‌ಸ್ಟಂಟ್ ಪಾಟ್ ಎಂಬ ಕರೆಂಟಿನ ಕುಕ್ಕರ್‌ನಲ್ಲೂ ಆಗುತ್ತದೆ. ನೆನೆಸದ ಕಾಳಿಗೆ ಹನ್ನೆರಡು ನಿಮಿಷ, ಆವಿ ತಾನಾಗಿ ಇಳಿಯಲಿ. ಆದರೆ ರಸ ತೆಳ್ಳಗಿರುತ್ತದೆ. ರಜೆಯ ದಿನ ಒಲೆ ಮೇಲೆ ನಿಧಾನವಾಗಿ ಬೇಯಿಸುವುದೇ ನನಗೆ ಇಷ್ಟ.

ಬಡಿಸುವಾಗ ಪೆಪ್ಪರ್ ವಿನೆಗರ್ ಇರಲೇಬೇಕು. ಸಣ್ಣ ಹಸಿಮೆಣಸಿನಕಾಯಿಗಳನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟ ಶೀಶೆ ಇಲ್ಲಿನ ಎಷ್ಟೋ ಹೋಟೆಲ್ ಮೇಜುಗಳ ಮೇಲೆ ಇರುತ್ತದೆ. ನಾಲ್ಕು ಹನಿ ಬಿದ್ದರೆ ಇಡೀ ಪಾತ್ರೆಗೆ ಜೀವ ಬರುತ್ತದೆ. ನಮ್ಮವರಿಗೆ ಹಿಡಿಸದೇ ಇರುವುದಿಲ್ಲ. ಅನ್ನಕ್ಕೆ ಉದ್ದ ಅಕ್ಕಿ ಒಳ್ಳೆಯದು. ಕಾಲರ್ಡ್ ಸೊಪ್ಪು ಎಲೆಕೋಸು, ನವಿಲುಕೋಸಿನ ಜಾತಿಯದೇ. ನಡುವಿನ ದಂಟು ತೆಗೆದು, ಸುತ್ತಿ ಹೆಚ್ಚಿ, ಬೆಳ್ಳುಳ್ಳಿ ಹಾಕಿ ಮುಕ್ಕಾಲು ಗಂಟೆ ಬೇಯಿಸಿ. ನಮ್ಮ ಪಲ್ಯದ ಹಾಗೆ ಐದು ನಿಮಿಷಕ್ಕೆ ಇಳಿಸಿದರೆ ಅಗಿಯಲಾಗದು.

ಆಫೀಸಿನ ಪಾಟ್‌ಲಕ್‌ಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟಕ್ಕೆ, ಒಯ್ಯುವುದಾದರೆ ಮುಂದೆ ಒಂದು ಚೀಟಿ ಇಡಿ: ಹಂದಿ ಇಲ್ಲ, ಯಾವ ಮಾಂಸವೂ ಇಲ್ಲ. ಹಲವರು ಅದನ್ನೇ ಹುಡುಕುತ್ತಿರುತ್ತಾರೆ. ಒಯ್ಯುವ ಪಾತ್ರೆ ಬಿಸಿಯಾಗಿರಲಿ, ಎರಡು ಗಂಟೆಗಿಂತ ಜಾಸ್ತಿ ಹೊರಗೆ ತಣ್ಣಗೆ ಇಡಬೇಡಿ.

ಜನವರಿ 2ಕ್ಕೆ ಉಳಿದ ಹಾಪಿನ್ ಜಾನ್‌ಗೆ ಇಲ್ಲಿ ಸ್ಕಿಪ್ಪಿನ್ ಜೆನ್ನಿ ಎಂದು ಹೆಸರು. ಉಳಿದದ್ದನ್ನೂ ಹಾಳು ಮಾಡದೆ ತಿಂದರೆ ಅದೃಷ್ಟ ಇನ್ನೂ ಹೆಚ್ಚು ಎನ್ನುತ್ತಾರೆ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಇರುತ್ತದೆ. ಇಂಗು, ಕರಿಬೇವಿನ ಒಗ್ಗರಣೆ ಹಾಕಬೇಕು ಎನ್ನಿಸಿದರೆ ಈಗ ಹಾಕಿ, ಚಪಾತಿಗೆ ಚೆನ್ನಾಗಿರುತ್ತದೆ. ಫ್ರೀಜರ್‌ಗೆ ಹಾಕುವುದಾದರೆ ರಸದ ಸಮೇತ ಹಾಕಿ. ಬರೀ ಕಾಳು ಒಣಗಿ ಹಿಟ್ಟು ಹಿಟ್ಟಾಗುತ್ತದೆ.