ಹಳೇ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಲ್ಲಿನ ಮೀನು: ನಾಲ್ಕು ದಿನದ ನನ್ನ ಅನುಭವ

"ಹ್ವಾಯ್, ಮೀನ್ ಹಿಡುಕ್ ಬಂದದ್ದಾ, ಬೈಕ್ ರಿಪೇರಿ ಮಾಡುಕ್ ಬಂದದ್ದಾ?"

ಬೈಂದೂರು ಸೋಮೇಶ್ವರದ ಕಲ್ಲಿನ ಮೇಲೆ ಗಾಳ ಹಾಕುತ್ತಿದ್ದ ಒಬ್ಬರು ಕೇಳಿದ್ದು ಹೀಗೆ. ನನ್ನ ಚೀಲದ ತುಂಬ ಹಳೇ ಸ್ಪಾರ್ಕ್ ಪ್ಲಗ್ ಇತ್ತು. ನಗಬೇಡಿ ಅನ್ನುವ ಹಾಗೂ ಇರಲಿಲ್ಲ. ಎರಡು ಗಂಟೆ ಬಿಟ್ಟು ಅವರೇ ಬಂದು, "ಎರಡ್ ಕೊಡಿ ಕಾಂಬ" ಅಂದರು. ಆ ಎರಡು ಗಂಟೆಯ ಖುಷಿಗೇ ಇದನ್ನು ಬರೆಯುತ್ತಿದ್ದೇನೆ.

ಕಲ್ಲಿನ ಮೇಲೆ ಗಾಳ ಹಾಕುವವರಿಗೆ, ಗಾಳ ಮುಳುಗಲು ಭಾರಕ್ಕೆ ಕಟ್ಟುವ ಸೀಸದ ಸಂಕಟ ಗೊತ್ತೇ ಇದೆ. ಮೀನು ಇರುವುದು ಕಲ್ಲಿನ ಸಂದಿಯಲ್ಲಿ. ಸೀಸ ಹೋಗಿ ಕೂರುವುದೂ ಅದೇ ಸಂದಿಯಲ್ಲಿ. ಎಳೆದರೆ ಸೀಸ, ಗಾಳ, ಲೀಡರ್ (ಗಾಳದ ಹತ್ತಿರ ಕಟ್ಟುವ ಗಟ್ಟಿ ದಾರ) ಎಲ್ಲ ಒಟ್ಟಿಗೆ ಹೋಗುತ್ತದೆ. ಕಳೆದ ವರ್ಷ ಕಾಪುವಿನ ದೀಪಸ್ತಂಭದ ಕೆಳಗಿನ ಕಲ್ಲಿಗೆ ಮೂರು ಸಲ ಹೋಗಿದ್ದೆ. ಮೂರು ಸಲಕ್ಕೆ ನಾನು ಸಮುದ್ರಕ್ಕೆ ಕೊಟ್ಟ ಸಾಮಾನಿನ ಲೆಕ್ಕ ಸುಮಾರು 2,400 ರೂಪಾಯಿ. ಸಮುದ್ರ ನನಗೆ ಕೊಟ್ಟದ್ದು ಅಂಗೈಯಷ್ಟು ಉದ್ದದ ಎರಡು ಮುರು ಮೀನು. ಮನೆಯಲ್ಲಿ ಕೇಳಿದಾಗ 800 ಅಂತ ಹೇಳಿದ್ದೆ, ಅದು ಬೇರೆ ಮಾತು.

ಸೀಸವನ್ನು ತೆಳು ತಂಗೂಸಿಯಲ್ಲಿ (ನೈಲಾನ್ ದಾರದಲ್ಲಿ) ಕಟ್ಟಿದರೆ, ಸಿಕ್ಕಿಕೊಂಡಾಗ ಸೀಸ ಮಾತ್ರ ಹರಿದು ಹೋಗುತ್ತದೆ, ಮೀನು ಉಳಿಯುತ್ತದೆ. ಇದು ನಾನು ಕಂಡುಹಿಡಿದದ್ದಲ್ಲ, ಹಳಬರು ಅನೇಕರು ಮಾಡುತ್ತಾರೆ. ಆದರೆ 60 ರೂಪಾಯಿಯ ಸೀಸವನ್ನು ಬೇಕೆಂದೇ ಕಳೆದುಕೊಳ್ಳಲು ಮನಸ್ಸು ಬರುವುದಿಲ್ಲ, ಅಲ್ವಾ? ಅದಕ್ಕೆ ಪ್ಲಗ್. ನಮ್ಮ ಬೀದಿಯ ಗ್ಯಾರೇಜಿನಲ್ಲಿ ಡಬ್ಬಿಗಟ್ಟಲೆ ಬಿದ್ದಿತ್ತು, ಸುಮ್ನೆ ಕೊಟ್ಟ. ಬೈಕಿನದು ಒಂದೊಂದು 40 ಗ್ರಾಂ ಆಸುಪಾಸು. ಎರಡನ್ನು ಜೋಡಿಸಿ ಕಟ್ಟಿದರೆ ಕಲ್ಲಿನಿಂದ ಎಸೆಯಲು ಸಾಕು. ತುದಿಯಲ್ಲಿ ಕಿಡಿ ಹಾರುವ ಬಾಗಿದ ಕಡ್ಡಿ ಇದೆಯಲ್ಲ, ಅದರ ಸಂದಿಗೆ ತಂಗೂಸಿ ತೂರಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಏಟು ಕೊಟ್ಟರೆ ಸಂದಿ ಮುಚ್ಚುತ್ತದೆ. ಜೋರಾಗಿ ಹೊಡೆದರೆ ಪಿಂಗಾಣಿ ಒಡೆಯುತ್ತದೆ. ಐದಾರು ಒಡೆದೆ.

ಕೆಟ್ಟದ್ದೆಲ್ಲ ಇದಾದ ಮೇಲೆ ಶುರುವಾಯಿತು. ಮೊದಲ ದಿನ ಕಾಪುವಿನಲ್ಲೇ ಪರೀಕ್ಷೆ. ಜೊತೆಗೆ ನನ್ನ ಭಾವ. ದೀಪಾವಳಿಯ ಬಲಿಪಾಡ್ಯ ಮುಗಿದ ಮರುದಿನ ಅದು. ಅಮಾವಾಸ್ಯೆ ಹೊಸತಾಗಿ ಕಳೆದಾಗ ನಮ್ಮ ಕಡೆ ಬೆಳಿಗ್ಗೆ ಆರೂವರೆ ಏಳಕ್ಕೆ ನೀರು ಪೂರ್ತಿ ಇಳಿದು, ಊಟದ ಹೊತ್ತಿಗೆ ಭರತ. ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ನೀರು ಏರುವ ಮೊದಲ ಎರಡು ಮೂರು ಗಂಟೆಯೇ ನನಗೆ ಬೇಕಾದದ್ದು. ಬೆಳಗಿನ ನೆಲದ ಗಾಳಿ ಬೆನ್ನಿಗೆ ಇರುತ್ತದೆ, ಅದೊಂದು ಉಪಕಾರ.

ಮೊದಲ ಎಸೆತಕ್ಕೇ ತೆಳು ತಂಗೂಸಿ ತುಂಡಾಗಿ ಪ್ಲಗ್ ಒಂದೇ ಹಾರಿಹೋಯಿತು. ಇನ್ನೂರು ಅಡಿ ಆಚೆ ಬುಳಕ್ ಅಂತ ಸದ್ದು. ಗಾಳ ಮತ್ತು ಸಿಗಡಿ ನನ್ನ ಕಾಲ ಬುಡದಲ್ಲೇ ಬಿತ್ತು. ಭಾವ ನಗಲಿಲ್ಲ, ಬೇರೆ ಕಡೆ ನೋಡಿದರು. ಸ್ವಲ್ಪ ದಪ್ಪದ್ದು ಕಟ್ಟಿದೆ. ಎಸೆತ ತಡೆಯಿತು. ಆದರೆ ಕಲ್ಲಿಗೆ ಸಿಕ್ಕಿದಾಗ ಅದು ತುಂಡಾಗದೆ ಲೀಡರ್ ಗಂಟೇ ಬಿಚ್ಚಿತು. ಎಸೆಯುವಾಗ ಗಟ್ಟಿ ಇರಬೇಕು, ನೀರಿಗೆ ಬಿದ್ದ ಮೇಲೆ ಬಡಕಲಾಗಬೇಕು. ಎರಡೂ ಒಂದೇ ದಾರದಲ್ಲಿ ಹೇಗೆ ಆಗುತ್ತದೆ? ಒಂಬತ್ತರ ಒಳಗೆ ಹನ್ನೊಂದು ಪ್ಲಗ್ ಮುಗಿಯಿತು. ಮೀನು ಸೊನ್ನೆ. "ಸೀಸವೇ ಒಳ್ಳೇದಿತ್ತು, ಕಡಿಮೆ ಕಳೀತಿತ್ತು" ಅಂದರು ಭಾವ.

ಉತ್ತರ ಸಿಕ್ಕಿದ್ದು ಆ ರಾತ್ರಿ, ಮುರಿದ ಕೊಡೆಯಲ್ಲಿ. ಕೊಡೆಯ ತಂತಿಯ ಒಂದು ತುಂಡನ್ನು ಬಾಗಿಸಿ ಕೊಕ್ಕೆ ಮಾಡಿದೆ. ಕೊಕ್ಕೆಯನ್ನು ಗಟ್ಟಿ ಲೀಡರಿನ ತುದಿಗೆ ಕಟ್ಟಿದೆ. ಪ್ಲಗ್ಗಿಗೆ ದಪ್ಪ ದಾರದ ಒಂದು ಬಳೆ. ಬಳೆಯನ್ನು ಸುಮ್ನೆ ಕೊಕ್ಕೆಗೆ ಸಿಕ್ಕಿಸುವುದು. ತೆಳು ತಂಗೂಸಿ ಪಕ್ಕದಲ್ಲಿ ಸಡಿಲವಾಗಿ ಜೋತುಬಿದ್ದಿರುತ್ತದೆ, ಅದಕ್ಕೆ ಯಾವ ಭಾರವೂ ಇಲ್ಲ. ಎಸೆಯುವಾಗ ಎಳೆತವೆಲ್ಲ ಕೊಕ್ಕೆಯ ಮೇಲೆ. ನೀರಿಗೆ ಬಿದ್ದ ಕ್ಷಣ ದಾರ ಸಡಿಲ ಆಗಿ ಬಳೆ ಜಾರಿ, ಪ್ಲಗ್ ತೆಳು ತಂಗೂಸಿಗೆ ಬೀಳುತ್ತದೆ. ಕೊಕ್ಕೆ ಎಷ್ಟು ತೆರೆದಿರಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಜಾಸ್ತಿ ತೆರೆದರೆ ಗಾಳಿಯಲ್ಲೇ ಕಳಚುತ್ತದೆ, ಕಡಿಮೆಯಾದರೆ ನೀರಿನಲ್ಲೂ ಬಿಡುವುದಿಲ್ಲ. ಅಳತೆ ನಾನು ಹೇಳುವುದಿಲ್ಲ. ಒಂದು ಕೊಡೆ ಹಾಳು ಮಾಡಿ, ನಿಮಗೇ ಗೊತ್ತಾಗುತ್ತದೆ.

ಎರಡನೇ ದಿನ ಮರವಂತೆ. ಒಂದು ಕಡೆ ಸಮುದ್ರ, ಹೆದ್ದಾರಿಯ ಇನ್ನೊಂದು ಕಡೆ ಸೌಪರ್ಣಿಕಾ ನದಿ. ಇಲ್ಲಿ ಮರಳಿನಲ್ಲಿ ಕಾಣೆ ಮೀನಿಗೆ ಹಾಕಿದ್ದು, ಪ್ಲಗ್ಗಿಗೆ ಕೆಲಸ ಇರಲಿಲ್ಲ. ಪ್ಲಗ್ ಮರಳಿನಲ್ಲಿ ಉರುಳುತ್ತದೆ, ಹಿಡಿತ ಇಲ್ಲ. ಸೀಸವೇ ಸರಿ. ಅಲೆ ಹಿಂದೆ ಸರಿಯುವಾಗ ಮರಳಿಗೆ ಹುದುಗುವ ಹೆಬ್ಬೆರಳಿನಷ್ಟು ದೊಡ್ಡ ಏಡಿಗಳಿವೆಯಲ್ಲ, ಅದನ್ನು ಬಗೆದು ಹಿಡಿದು ಹಾಕಿದೆ. ಕಾಣೆ ಅದನ್ನು ಮೂಸಿಯೂ ನೋಡಲಿಲ್ಲ. ಭಾವ ಸಿಗಡಿಯ ಸಣ್ಣ ತುಂಡಿನಲ್ಲಿ ಏಳೆಂಟು ಹಿಡಿದರು. ದೂರ ಎಸೆದವನು ನಾನು, ಮೊಣಕಾಲು ನೀರಿನ ಆಚೆಗೇ ಹಾಕಿದವರು ಅವರು. ಕಾಣೆ ಇರುವುದು ಕಾಲ ಹತ್ತಿರ ಅಂತ ಎಷ್ಟು ಸಲ ಕಲಿತರೂ ರಾಡ್ ಕೈಗೆ ಬಂದರೆ ಮರೆತುಹೋಗುತ್ತದೆ.

ಅಲ್ಲೇ ಒಂದು ತೇಡೆ ಮೀನು ಬಿತ್ತು. ಗಾಳ ಬಿಡಿಸುವಾಗ ಅದರ ಮುಳ್ಳು ಬಲಗೈಯ ತೋರುಬೆರಳಿಗೆ ನಾಟಿತು. ಐದು ನಿಮಿಷಕ್ಕೆ ನೋವು ಮೊಣಕೈ ತನಕ. ರಸ್ತೆ ದಾಟಿ ಚಾ ಅಂಗಡಿಗೆ ಹೋಗಿ ಬಿಸಿನೀರು ಕೇಳಿದೆ. ಅಂಗಡಿಯಮ್ಮ ಕಾರಣ ಕೇಳಲೇ ಇಲ್ಲ. ಸ್ಟೀಲ್ ಲೋಟದಲ್ಲಿ ನೀರು ಹಾಕಿ, ತನ್ನ ಬೆರಳು ಅದ್ದಿ ನೋಡಿ, ಸ್ವಲ್ಪ ತಣ್ಣೀರು ಬೆರೆಸಿ ಮುಂದಿಟ್ಟರು. ತಣಿದ ಹಾಗೆ ಮತ್ತೆ ಹಾಕಿದರು. ಸುಡದ ಹಾಗೆ, ತಡೆಯುವಷ್ಟು ಬಿಸಿಯಲ್ಲಿ ಅರ್ಧ ಗಂಟೆ ಬೆರಳು ಇಟ್ಟ ಮೇಲೆ ನೋವು ಇಳಿಯಿತು. ಚಾಕ್ಕೆ ಮಾತ್ರ ದುಡ್ಡು ತೆಗೆದುಕೊಂಡರು.

ಮೂರನೇ ದಿನ ಸೋಮೇಶ್ವರ. ಒತ್ತಿನೆಣೆ ಗುಡ್ಡದ ಕೆಳಗೆ, ದೇವಸ್ಥಾನದ ಹತ್ತಿರದ ಕಲ್ಲು. ಯಾವ ಕಲ್ಲು ಅಂತ ಕೇಳಬೇಡಿ. ಹಿಂದಿನ ರಾತ್ರಿಯೇ ಸಿಗಡಿ ಸುಲಿದು ಕಲ್ಲುಪ್ಪಿನಲ್ಲಿ ಹಾಕಿಟ್ಟಿದ್ದೆ. ಬೆಳಿಗ್ಗೆ ರಬ್ಬರಿನ ಹಾಗೆ ಆಗಿತ್ತು. ಅದರ ಮೇಲೆ ಬೊಂಡಾಸಿನ (ಸ್ಕ್ವಿಡ್) ಒಂದು ಪಟ್ಟಿ. ಎರಡನ್ನೂ ಟೈಲರ್ ಅಂಗಡಿಯ ಸಣ್ಣ ಎಲಾಸ್ಟಿಕ್ ದಾರದಲ್ಲಿ ಸುತ್ತಿದೆ. ಹೊಟ್ಟೆ ಉಬ್ಬಿಸುವ ಮೀನು ಕಚ್ಚಿ ಕಚ್ಚಿ ಖಾಲಿ ಮಾಡುವುದು ಇದರಿಂದ ಅರ್ಧಕ್ಕೆ ಇಳಿಯಿತು. ಪಚ್ಚಿಲೆಯನ್ನೂ (ಕಲ್ಲಿಗೆ ಅಂಟುವ ಚಿಪ್ಪಿನ ಮಾಂಸ) ಹೀಗೇ ಕಟ್ಟಿ ನೋಡಿದೆ, ಕೋಳಿಯ ಲಿವರ್ ಕೂಡ. ಪಚ್ಚಿಲೆ ಪರವಾಗಿಲ್ಲ. ಲಿವರ್ ಬೇಡ, ಕೈ ವಾಸನೆ ಎರಡು ದಿನ ಹೋಗುವುದಿಲ್ಲ.

ಮೊದಲ ನಾಲ್ಕು ಎಸೆತದಲ್ಲಿ ಮೂರು ಪ್ಲಗ್ ಹೋಯಿತು. ಆದರೆ ಮೂರು ಸಲವೂ ಗಾಳ ವಾಪಸ್ ಬಂತು. ಟಕ್ ಅಂತ ಸಣ್ಣಗೆ ತುಂಡಾಗುವುದು ಕೈಗೆ ಗೊತ್ತಾಗುತ್ತದೆ. ಐದನೆಯದಕ್ಕೆ ಎಳೆದದ್ದು ಮೀನು. ಬಂಡೆಯ ಒಳಗೆ ನುಗ್ಗಿತು, ದಾರ ಕಲ್ಲಿಗೆ ಉಜ್ಜುವುದು ರಾಡಿನ ಬುಡದ ತನಕ ಕೇಳಿಸಿತು. ಹಿಂದಿನ ಲೆಕ್ಕದಲ್ಲಾದರೆ ಅದು ಮುಗಿದ ಕಥೆ. ಮೀನು ಸಂದಿಗೆ ಹೋದರೂ ಸೀಸ ಹೊರಗೆ ಸಿಕ್ಕಿಕೊಂಡು ಎಲ್ಲ ನಿಲ್ಲುತ್ತಿತ್ತು. ಈಗ ಟಕ್. ಪ್ಲಗ್ ಹೋಯಿತು, ಮೀನು ಬಂತು. ಕೆಂಬೇರಿ. ಬೈಂದೂರು ಪೇಟೆಯಲ್ಲಿ ತೂಗಿಸಿದಾಗ 2 ಕಿಲೋ 300 ಅಥವಾ 400. ಅದೇ ಸಂದಿಯಲ್ಲಿ ಇನ್ನೊಂದು ಸಣ್ಣ ಕೆಂಬೇರಿ, ಮೂರು ಮುರು. ಬೈಕ್ ರಿಪೇರಿ ಅಂದವರು ಪ್ಲಗ್ ಕೇಳಿದ್ದು ಆಗ. ಕೊಟ್ಟೆ. ಕೊಕ್ಕೆ ಕೊಡಲಿಲ್ಲ.

ಹೆಮ್ಮೆಯಲ್ಲಿ ನೀರು ನೋಡುವುದು ಮರೆತೆವು. ಬರುವಾಗ ಒಣಕಾಲಿನಲ್ಲಿ ದಾಟಿದ್ದ ಜಾಗದಲ್ಲಿ ಹನ್ನೊಂದರ ಹೊತ್ತಿಗೆ ಸೊಂಟದ ತನಕ ನೀರು. ಏಳೆಂಟು ಅಲೆ ಸಣ್ಣದಾಗಿ ಬಂದು, ಒಂದು ದೊಡ್ಡದು ಬರುತ್ತದೆ, ಗೊತ್ತಲ್ಲ. ಆ ದೊಡ್ಡದಕ್ಕೆ ಕಾದು, ಅದು ಹೋದ ಕೂಡಲೇ ದಾಟಿದೆವು. ಪಾಚಿಯ ಮೇಲೆ ಜಾರಿ ನನ್ನ ಮೊಣಕಾಲು ಕೆತ್ತಿತು. ಭಾವನ ಚಪ್ಪಲಿ ಮತ್ತು 650 ರೂಪಾಯಿಯ ನನ್ನ ಪಾಪರ್ (ಮೀನಿನ ಆಕಾರದ ನಕಲಿ ಎರೆ) ಇದ್ದ ಡಬ್ಬಿ ಹೋಯಿತು. ಆ ಪಾಪರಿಗೆ ಒಂದೂ ಮೀನು ಬಿದ್ದಿರಲಿಲ್ಲ. ಈಗ ಫೋನಿನಲ್ಲಿ ಅಲಾರಂ ಇಡುತ್ತೇನೆ, ಇಳಿತದಿಂದ ಎರಡೂವರೆ ಗಂಟೆಗೆ.

ನಾಲ್ಕನೇ ದಿನ ಕೋಡಿ ಊರಿನ ಬ್ರೇಕ್‌ವಾಟರ್, ಅಲೆ ತಡೆಯುವ ಕಲ್ಲಿನ ದಂಡೆ. ಜನ ಜಾಸ್ತಿ, ಮೀನು ಇಲ್ಲ. ಸುಮ್ನೆ ನಿಲ್ಲುವ ಬದಲು ಹಳೇ ಪಂಚೆಯ ತುಂಡಿನಲ್ಲಿ ಹಸಿ ಮರಳು ಕಟ್ಟಿ ಪ್ಲಗ್ಗಿನ ಬದಲು ಹಾಕಿ ನೋಡಿದೆ. ಕಬ್ಬಿಣ ಮತ್ತು ಪಿಂಗಾಣಿಯನ್ನು ಸಮುದ್ರಕ್ಕೆ ಹಾಕುವುದು ನನಗೂ ಪೂರ್ತಿ ಸಮಾಧಾನ ಇಲ್ಲ. ಸೀಸಕ್ಕಿಂತ ವಾಸಿ, ಅಷ್ಟೇ. ಮರಳಿನ ಗಂಟು ನೂರು ಅಡಿ ತನಕ ಸರಿ ಹೋಗುತ್ತದೆ, ಆಚೆಗೆ ಗಾಳಿಗೆ ತಿರುಗುತ್ತದೆ. ಗಂಟು ಇನ್ನೂ ಬಿಗಿಯಾಗಬೇಕು. ಉದ್ದಕ್ಕೆ, ಅಲಸಂದೆ ಕೋಡಿನ ಹಾಗೆ ಹೊಲಿಯಬೇಕು ಅಂತ ಕಾಣುತ್ತದೆ. ಡಿಸೆಂಬರಿನ ಅಮಾವಾಸ್ಯೆಗೆ ನೋಡುತ್ತೇನೆ.

ಖರ್ಚು: ಪೆಟ್ರೋಲ್ 900ರ ಹತ್ತಿರ, ಸಿಗಡಿ ಬೊಂಡಾಸು 350, ಗಾಳ ಮತ್ತು ತಂಗೂಸಿ 200, ಪಾಪರ್ 650. ಪ್ಲಗ್ ನಾಲ್ಕು ದಿನಕ್ಕೆ ನಲವತ್ತು ಮುಗಿದಿರಬೇಕು, ದುಡ್ಡು ಸೊನ್ನೆ. ಮೀನು ಒಟ್ಟು ಐದು ಕಿಲೋ ಆಸುಪಾಸು. ಅದನ್ನೇ ಪೇಟೆಯಲ್ಲಿ ಕೊಂಡಿದ್ದರೆ ಇಷ್ಟೇ ಆಗುತ್ತಿತ್ತು ಅಂತ ಭಾವ ಲೆಕ್ಕ ಹಾಕಿ ಹೇಳಿದರು. ಹೇಳುತ್ತಾ ಕೆಂಬೇರಿಯ ತಲೆ ತನಗೇ ಅಂತ ತಟ್ಟೆಗೆ ಹಾಕಿಕೊಂಡರು. ಗ್ಯಾರೇಜಿನವನಿಗೂ ಸುದ್ದಿ ಮುಟ್ಟಿದೆ. ಇನ್ನು ಮೇಲೆ ಹತ್ತು ಪ್ಲಗ್ಗಿಗೆ ಎರಡು ಕಾಣೆಯಂತೆ.