ರಾಜ್ಯಶಾಸ್ತ್ರ ಬಾಯಿಪಾಠ ಮಾಡಬೇಡಿ, ಹೀಗೆ ಓದಿ

ಮುಂಬಯಿಯಲ್ಲಿ ಒಂಬತ್ತು, ಹತ್ತನೇ ಕ್ಲಾಸ್ ಓದುತ್ತಿರುವ ನಮ್ಮ ಮಕ್ಕಳೇ, ರಾಜ್ಯಶಾಸ್ತ್ರ ಇತಿಹಾಸ ಪುಸ್ತಕದ ಹಿಂಭಾಗದಲ್ಲಿರುವ ಸಣ್ಣ ವಿಷಯ, ಪರೀಕ್ಷೆಯ ಹಿಂದಿನ ದಿನ ನೋಡಿಕೊಂಡರೆ ಸಾಕು ಅಂತ ಬಿಡಬೇಡಿ. ಯಾವ ಪಾಠ ತೆಗೆದರೂ ಮೊದಲು ಒಂದೇ ಪ್ರಶ್ನೆ ಕೇಳಿ: ಇಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಮಾತು ನಡೆಯುವುದಿಲ್ಲ?

ವಿಶ್ವಸಂಸ್ಥೆಯನ್ನೇ ನೋಡಿ. ಭದ್ರತಾ ಮಂಡಳಿಯಲ್ಲಿ 15 ದೇಶಗಳು. ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ ಕಾಯಂ. ಉಳಿದ 10 ಎರಡು ವರ್ಷಕ್ಕೆ ಆಯ್ಕೆಯಾಗಿ ಬರುತ್ತವೆ. ಇಷ್ಟು ಎಲ್ಲರೂ ಬರೆಯುತ್ತಾರೆ. ನೀವು ಲೆಕ್ಕ ಹಾಕಿ: ಮುಖ್ಯ ನಿರ್ಣಯಕ್ಕೆ 9 ಮತ ಸಾಕು, 14 ದೇಶ ಕೈ ಎತ್ತಿವೆ, ಆದರೆ ಒಂದು ಕಾಯಂ ದೇಶ ಬೇಡ ಅಂದಿದೆ. ನಿರ್ಣಯ ಬಿದ್ದುಹೋಯಿತು. ವೀಟೋ ಅಂದ್ರೆ ಇದೇ. 1945ರಲ್ಲಿ ಯುದ್ಧ ಗೆದ್ದವರಿಗೆ ಸಿಕ್ಕ ಈ ಹಕ್ಕು ಇವತ್ತಿಗೂ ಅವರ ಕೈಯಲ್ಲೇ ಯಾಕಿದೆ ಅಂತ ಸ್ವಂತ ಮಾತಿನಲ್ಲಿ ಎರಡು ಸಾಲು ಬರೆಯಿರಿ.

ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ನೇರ ಯುದ್ಧ ಮಾಡದೆ ನಡೆಸಿದ ಪೈಪೋಟಿ, ಅಂದ್ರೆ ಶೀತಲ ಸಮರಕ್ಕೆ ಅಷ್ಟು ಹೊತ್ತು ಬೇಡ. 1949 ನ್ಯಾಟೋ (ಅಮೆರಿಕ ಕಡೆಯ ಸೈನಿಕ ಕೂಟ), 1955 ವಾರ್ಸಾ ಒಪ್ಪಂದ (ಸೋವಿಯತ್ ಕಡೆಯ ಸೈನಿಕ ಕೂಟ), 1961 ಬರ್ಲಿನ್ ಗೋಡೆ, 1962 ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು, 1991 ಸೋವಿಯತ್ ಒಕ್ಕೂಟದ ಕೊನೆ. ಒಂದು ಗೆರೆ ಎಳೆದು ಬರೆದು ಮೇಜಿನ ಎದುರು ಅಂಟಿಸಿ.

ಅಸಮಾನತೆಯ ಪಾಠಕ್ಕೆ ಮಾತ್ರ ಜಾಸ್ತಿ ಸಮಯ ಕೊಡಿ. ಬಸ್ಸಿನಲ್ಲಿ ಗೋವಾ ದಾರಿಯಾಗಿ ಊರಿಗೆ ಹೋಗುವಾಗ ಮಹಾಡ್ ಸಿಗುತ್ತದೆ ಅಲ್ವಾ? ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೆಂದು ದೂರ ಇಟ್ಟವರೂ ಬಳಸಬಹುದು ಅಂತ ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ಮೇಲ್ಜಾತಿಯವರು ನೀರು ಮುಟ್ಟಲು ಬಿಡಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು, ಅದಾದ ಮೇಲೆ ಬಂದಿದ್ದ ಜನರ ಮೇಲೆ ಹಲ್ಲೆ ನಡೆಯಿತು, ಮೇಲ್ಜಾತಿಯವರು ಕೆರೆಯನ್ನು 'ಶುದ್ಧಿ' ಮಾಡಿದರು, ಕೋರ್ಟಿಗೂ ಹೋದರು, ಹೈಕೋರ್ಟಿನ ತೀರ್ಪು ಬರುವಷ್ಟರಲ್ಲಿ 1937 ಆಗಿತ್ತು. ಒಂದು ಬೊಗಸೆ ನೀರಿಗೆ ಇಷ್ಟು ವರ್ಷ! ಇದು ಗೊತ್ತಿದ್ದರೆ ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ ಯಾವತ್ತೂ ಮರೆಯುವುದಿಲ್ಲ.

ಉತ್ತರವನ್ನೂ ಇದೇ ಕ್ರಮದಲ್ಲಿ ಬರೆಯಿರಿ: ನಿಯಮ ಏನಿತ್ತು, ನಡೆದದ್ದೇನು, ತಡೆದವರು ಯಾರು, ಕೊನೆಗೆ ಏನು ಬದಲಾಯಿತು. ಇಂಗ್ಲಿಷ್ ಮೀಡಿಯಂ ಇರಲಿ, ಮರಾಠಿ ಇರಲಿ, ರಾತ್ರಿ ಊಟಕ್ಕೆ ಕೂತಾಗ ಅವತ್ತಿನ ಪಾಠವನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ. "ಹಾಗ್ಯಾಕೆ?" ಅಂತ ಅಜ್ಜಿ ಕೇಳಿದಾಗ ತಡವರಿಸಿದರೆ, ಸುಮ್ನೆ ಮುಂದಿನ ಪಾಠಕ್ಕೆ ಹೋಗಬೇಡಿ, ಆ ಪುಟವನ್ನೇ ಮತ್ತೆ ತೆಗೆಯಿರಿ.