ಟೇಬಲ್ ಸಾ ಎಲ್ಲರದ್ದು, ಬ್ಲೇಡಿನ ಜವಾಬ್ದಾರಿ ಯಾರದ್ದು?

ಮರಗೆಲಸದ ಹುಚ್ಚು ಹತ್ತಿಸಿಕೊಂಡವರಿಗೆ ಮೈಸೂರಿನಲ್ಲಿ ಮೊದಲು ಎದುರಾಗುವುದು ಜಾಗದ ತೊಂದರೆ. ಕುವೆಂಪುನಗರದ ಬಾಡಿಗೆ ಮನೆಯಲ್ಲಿ ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡನೆಯ ಗರಗಸದ ಬ್ಲೇಡು ಮೇಲೆದ್ದು ತಿರುಗುವ ಮಷಿನ್) ಓಡಿಸಿದರೆ ಓನರ್ ಅವತ್ತು ಸಂಜೆಯೇ ಬಾಗಿಲು ತಟ್ಟುತ್ತಾರೆ. ಅದಕ್ಕೇ ನಾಲ್ಕೈದು ಜನ ಸೇರಿ ಹೆಬ್ಬಾಳದ ಕಡೆಯೋ ಮೇಟಗಳ್ಳಿ ಕಡೆಯೋ ಒಂದು ಶೆಡ್ ಹಿಡಿದು ಮಷಿನ್ ಹಂಚಿಕೊಳ್ಳುವುದು ಒಳ್ಳೆಯ ದಾರಿ. ಬಾಡಿಗೆ, ಕರೆಂಟ್ ಬಿಲ್ಲು, ಬೀಗದ ಕೈ ಯಾರ ಹತ್ತಿರ ಇರಬೇಕು ಎಂಬುದೆಲ್ಲ ಮೊದಲೇ ಮಾತಾಗುತ್ತದೆ. ಮಾತಾಗದೆ ಉಳಿಯುವುದು ಬ್ಲೇಡಿನ ವಿಷಯ.

ಒಬ್ಬರೇ ಬಳಸುವ ಮಷಿನ್‌ನಲ್ಲಿ ಯಾವ ಬ್ಲೇಡು ಇದೆ ಅಂತ ನೆನಪಿರುತ್ತದೆ. ಹತ್ತು ಕೈ ಬಳಸುವ ಮಷಿನ್‌ನಲ್ಲಿ ಹಾಗಲ್ಲ. ಹಿಂದಿನವರು ಪ್ಲೈವುಡ್ ಕೊಯ್ದು 80 ಹಲ್ಲಿನ ಬ್ಲೇಡನ್ನು ಹಾಗೇ ಬಿಟ್ಟು ಹೋಗಿರುತ್ತಾರೆ. ನೀವು ಬಂದು ಅದರಲ್ಲೇ ಎರಡಿಂಚು ದಪ್ಪದ ತೇಗ ಸೀಳಲು ಶುರು ಮಾಡುತ್ತೀರಿ. ಮರ ಕಪ್ಪಾಗುತ್ತದೆ, ಹೊಗೆ ಏಳುತ್ತದೆ. ಮುಂದೆ ಹೋಗುತ್ತಿಲ್ಲ ಅಂತ ನೀವು ಜಾಸ್ತಿ ಒತ್ತುತ್ತೀರಿ. ಕೈ ಜಾರುವುದು ಆಗಲೇ.

ಹಾಗಾಗಿ ನನ್ನ ಪ್ರಕಾರ ಮೊದಲ ನಿಯಮ ಇಷ್ಟೇ: ಕೆಲಸ ಮುಗಿದ ಮೇಲೆ ಬ್ಲೇಡು ಬಿಚ್ಚಿ ಗೋಡೆಯ ಗೂಟಕ್ಕೆ ನೇತುಹಾಕಿ ಹೋಗಬೇಕು. ಮಷಿನ್ ಬರಿದಾಗಿರಬೇಕು. ಆಗ ಮುಂದೆ ಬರುವವರು ತಾವೇ ಆರಿಸಿ, ತಾವೇ ನೋಡಿ, ತಾವೇ ಬಿಗಿಯಬೇಕಾಗುತ್ತದೆ. ಸುಮ್ನೆ ಟೈಮ್ ವೇಸ್ಟ್ ಅಂತ ಗೊಣಗುವವರು ಇದ್ದೇ ಇರುತ್ತಾರೆ. ಗೊಣಗಲಿ.

ಹಲ್ಲು ಎಣಿಸಿ ಆರಿಸಿ

10 ಇಂಚಿನ ಟೇಬಲ್ ಸಾಗೆ ಮೂರು ಬ್ಲೇಡು ಇದ್ದರೆ ಬಹುತೇಕ ಕೆಲಸ ನಡೆಯುತ್ತದೆ. ಮರವನ್ನು ಉದ್ದಕ್ಕೆ, ಎಳೆಯ ದಿಕ್ಕಿಗೇ ಸೀಳಲು 24 ಹಲ್ಲಿನದು. ಇದರ ಹಲ್ಲಿನ ತುದಿ ಚಪ್ಪಟೆ, ನಡುವಿನ ಸಂದಿ ದೊಡ್ಡದು, ಹೊಟ್ಟು ಸಲೀಸಾಗಿ ಹೊರಗೆ ಬೀಳುತ್ತದೆ. ಅಡ್ಡಕ್ಕೆ ಕತ್ತರಿಸಲು, ಪ್ಲೈವುಡ್ ಕೊಯ್ಯಲು 60ರಿಂದ 80 ಹಲ್ಲಿನದು. ಇದರ ಹಲ್ಲುಗಳು ಒಂದು ಎಡಕ್ಕೆ ಒಂದು ಬಲಕ್ಕೆ ಇಳಿಜಾರಾಗಿರುತ್ತವೆ. ಎರಡೂ ಕೆಲಸಕ್ಕೆ ಸುಮಾರಾಗಿ ಒಗ್ಗುವುದು 40-50 ಹಲ್ಲಿನದು. ಲ್ಯಾಮಿನೇಟ್ ಹಾಳೆಯ ಕೆಲಸ ಜಾಸ್ತಿ ಇದ್ದರೆ ಅದಕ್ಕೇ ಬೇರೆ ಹಲ್ಲಿನ ಬ್ಲೇಡು ಸಿಗುತ್ತದೆ. ಗೂಟದ ಮೇಲೆ ಹಲ್ಲಿನ ಸಂಖ್ಯೆ ದೊಡ್ಡದಾಗಿ ಬರೆದಿಡಿ.

ಹೊಸ ಬ್ಲೇಡು ತರುವಾಗ ನಡುವಿನ ತೂತಿನ ಅಳತೆ ನೋಡದೆ ತರಬೇಡಿ. 10 ಇಂಚಿನ ಬ್ಲೇಡುಗಳಲ್ಲೇ 5/8 ಇಂಚು, 25.4 ಮಿ.ಮೀ., 30 ಮಿ.ಮೀ. ಹೀಗೆ ಬೇರೆ ಬೇರೆ ತೂತು ಬರುತ್ತವೆ. ದೊಡ್ಡ ತೂತಿಗೆ ಟೇಪು ಸುತ್ತಿ ಕೂರಿಸುವ ಜಾಣತನ ಬೇಡವೇ ಬೇಡ. ಬ್ಲೇಡಿನ ಮೇಲೆ ಅಚ್ಚಾಗಿರುವ ಗರಿಷ್ಠ ಆರ್‌ಪಿಎಂ ನಿಮ್ಮ ಮಷಿನ್ ವೇಗಕ್ಕಿಂತ ಜಾಸ್ತಿ ಇರಬೇಕು. 10 ಇಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿರುತ್ತದೆ.

ಬಿಚ್ಚುವುದು, ಹಾಕುವುದು

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕಿತ್ತ ಪ್ಲಗ್ಗನ್ನು ಟೇಬಲ್ ಮೇಲೆ, ಕಣ್ಣಿಗೆ ಕಾಣುವ ಹಾಗೆ ಇಡಿ. ಬ್ಲೇಡಿನ ಸುತ್ತ ಟೇಬಲ್ ಮೇಲೆ ಕೂರುವ ಬಾಯಿ ತಟ್ಟೆ ತೆಗೆದು, ಬ್ಲೇಡು ಕೂರುವ ದಂಡವನ್ನು ಪೂರ್ತಿ ಮೇಲಕ್ಕೆತ್ತಿ. ನಟ್ ಯಾವ ಕಡೆಗೆ ಬಿಚ್ಚುತ್ತದೆ ಅನ್ನುವುದರಲ್ಲಿ ಎಲ್ಲರಿಗೂ ಗೊಂದಲ. ನೆನಪಿಡುವುದು ಸುಲಭ: ಬ್ಲೇಡು ಓಡುವ ದಿಕ್ಕಿಗೇ ತಿರುಗಿಸಿದರೆ ಬಿಚ್ಚುತ್ತದೆ, ಎದುರು ದಿಕ್ಕಿಗೆ ಬಿಗಿಯುತ್ತದೆ.

ಹೊಸದನ್ನು ಕೂರಿಸುವ ಮುಂಚೆ ದಂಡದ ಮೇಲೆ, ವಾಷರ್ ಮೇಲೆ ಅಂಟಿದ ಹುಡಿಯನ್ನು ಬಟ್ಟೆಯಲ್ಲಿ ಒರೆಸಿ. ಅಲ್ಲಿ ಒಂದು ಚೂರು ಹೊಟ್ಟು ಸಿಕ್ಕಿಕೊಂಡರೂ ಬ್ಲೇಡು ತೊನೆಯುತ್ತದೆ. ಟೇಬಲ್ ಮೇಲ್ಭಾಗದಲ್ಲಿ ಹಲ್ಲುಗಳು ನಿಮ್ಮ ಕಡೆ ಮುಖ ಮಾಡಿರಬೇಕು. ನಟ್ ಬಿಗಿಯಾಗಿದ್ದರೆ ಸಾಕು, ಸ್ಪ್ಯಾನರ್‌ಗೆ ಪೈಪು ಸಿಕ್ಕಿಸಿ ಎಳೆಯಬೇಡಿ. ಕೊನೆಗೆ ಕೈಯಲ್ಲೇ ಒಂದು ಸುತ್ತು ತಿರುಗಿಸಿ. ಎಲ್ಲೂ ತಾಗದೆ ತಿರುಗಿದರೆ ಬಾಯಿ ತಟ್ಟೆ ಮುಚ್ಚಿ, ಪ್ಲಗ್ ಹಾಕಿ. ಬಿಚ್ಚಿದ ಬ್ಲೇಡನ್ನು ಕಬ್ಬಿಣದ ಟೇಬಲ್ ಮೇಲೆ ಎಸೆಯಬೇಡಿ. ಹಲ್ಲಿನ ತುದಿಯ ಕಾರ್ಬೈಡ್ ಗಟ್ಟಿ, ಆದರೆ ಪೆಡಸು. ತಾಗಿದರೆ ಚಕ್ಕೆ ಏಳುತ್ತದೆ.

ಮರ ಎದೆಗೆ ಬಂದು ಬಡಿಯುವುದು ಯಾಕೆ?

ಬ್ಲೇಡಿನ ಮುಂದಿನ ಹಲ್ಲುಗಳು ಕೆಳಗೆ ಇಳಿಯುತ್ತಾ ಮರವನ್ನು ಟೇಬಲ್‌ಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಮೇಲೇಳುತ್ತಿರುತ್ತವೆ. ಸೀಳಿದ ಮರ ಮತ್ತೆ ಕೂಡಿಕೊಂಡರೆ, ಅಥವಾ ಫೆನ್ಸ್ (ಬ್ಲೇಡಿನ ಪಕ್ಕದಲ್ಲಿ ಉದ್ದಕ್ಕೆ ನಿಲ್ಲುವ, ಮರ ಆನಿಸಿ ತಳ್ಳುವ ಪಟ್ಟಿ) ಕಡೆಯಿಂದ ಓರೆಯಾಗಿ ಹಿಂದಿನ ಹಲ್ಲಿಗೆ ತಾಗಿದರೆ, ಆ ಹಲ್ಲುಗಳು ಮರವನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತವೆ. ಕಿಕ್‌ಬ್ಯಾಕ್ ಅನ್ನುವುದು ಇದಕ್ಕೇ. ಸರಿಯಾಗಿ ಒಣಗದ ಸಿಲ್ವರ್ ಓಕ್ ಸೀಳುವಾಗಲೇ ಬ್ಲೇಡನ್ನು ಕಚ್ಚಿಕೊಳ್ಳುವುದುಂಟು.

ಇದನ್ನು ತಡೆಯುವುದು ಬ್ಲೇಡಿನ ಬೆನ್ನಿಗೇ ನಿಲ್ಲುವ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿ. ಇದರ ದಪ್ಪ ಬ್ಲೇಡಿನ ತಟ್ಟೆಗಿಂತ (ಹಲ್ಲು ಬಿಟ್ಟು ಉಳಿದ ಉಕ್ಕಿನ ಬಿಲ್ಲೆಗಿಂತ) ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ತಟ್ಟೆ 1.8 ಮಿ.ಮೀ., ಹಲ್ಲು 2.6 ಮಿ.ಮೀ. ಇದ್ದರೆ 2.2 ಮಿ.ಮೀ. ನೈಫ್ ಸರಿ. ಬ್ಲೇಡು ಬದಲಾಯಿಸಿದಾಗೆಲ್ಲ ಈ ಲೆಕ್ಕ ನೋಡಬೇಕು. ಲೋಕಲ್ ಆಗಿ ಫ್ಯಾಬ್ರಿಕೇಟ್ ಮಾಡಿಸಿದ ಟೇಬಲ್‌ಗಳಲ್ಲಿ ಇದು ಇರುವುದೇ ಅಪರೂಪ. ಇಲ್ಲದ ಮಷಿನ್ ಅಗ್ಗಕ್ಕೆ ಸಿಕ್ಕಿತು ಅಂತ ಹತ್ತು ಜನರ ಶೆಡ್‌ಗೆ ತರಬೇಡಿ.

ಫೆನ್ಸ್ ಮತ್ತು ಮೈಟರ್ ಗೇಜ್ (ಅಡ್ಡಕ್ಕೆ ಕತ್ತರಿಸುವಾಗ ಮರ ಆನಿಸಿ ಟೇಬಲ್ ಮೇಲೆ ಜಾರಿಸುವ ಪಟ್ಟಿ) ಎರಡನ್ನೂ ಒಟ್ಟಿಗೆ ಬಳಸಿ ಮರ ತುಂಡರಿಸಬೇಡಿ. ತುಂಡಾದ ಚೂರು ನಡುವೆ ಸಿಕ್ಕಿಕೊಳ್ಳುತ್ತದೆ. ಎರಡೂ ಇಲ್ಲದೆ ಬರೀ ಕೈಯಲ್ಲಿ ಮರ ತಳ್ಳುವುದಂತೂ ಕೂಡದು. ಹಲ್ಲಿನ ಸಂದಿ ಮರದ ಮೇಲ್ಮೈಗಿಂತ ಸ್ವಲ್ಪ ಮೇಲೆ ಕಾಣುವಷ್ಟು ಎತ್ತರ ಇಟ್ಟರೆ ಸಾಕು. ನೀವು ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಒಂದಡಿಗಿಂತ ಚಿಕ್ಕ ತುಂಡನ್ನು ಈ ಮಷಿನ್‌ಗೆ ತರಬೇಡಿ. ಮೈಸೂರಿನ ಬೀಟೆ ಇನ್‌ಲೇ ಕೆಲಸದವರು ಅಷ್ಟು ನಾಜೂಕಿನ ಚೂರುಗಳನ್ನು ಕೈಗರಗಸದಲ್ಲೇ ಕತ್ತರಿಸುತ್ತಾರೆ, ಅಲ್ವಾ?

ಕೈಗವಸು ಹಾಕಿದರೆ ಸೇಫ್ ಅಂದುಕೊಂಡವರು ತುಂಬಾ ಜನ. ತಿರುಗುವ ಬ್ಲೇಡಿನ ಮುಂದೆ ಕೈಗವಸೇ ಅಪಾಯ, ಕೈಯನ್ನೂ ಸೇರಿಸಿ ಎಳೆದುಕೊಳ್ಳುತ್ತದೆ. ಮಂಡ್ಯದ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು ತುಂಬು ತೋಳಿನ ಅಂಗಿ ಮಡಿಸಿಕೊಳ್ಳುವ ಹಾಗೆ ಇಲ್ಲೂ ತೋಳು ಮಡಿಸಿ. ದುಪಟ್ಟ, ಬಳೆ, ಕಡಗ, ಉಂಗುರ ತೆಗೆದಿಡಿ. ಮಾಸ್ಕ್ ಮಾತ್ರ ಹಾಕಲೇಬೇಕು. ಮರದ ಹುಡಿ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ಬ್ರೇಕ್ ಇರುವ ಮಷಿನ್ ಆದರೆ

ಬೆರಳು ತಾಗಿದ ತಕ್ಷಣ ನಿಲ್ಲುವ ಸಾಸ್ಟಾಪ್ ಮಾದರಿಯ ಮಷಿನ್‌ನಲ್ಲಿ ಬ್ಲೇಡಿಗೆ ಸಣ್ಣ ವಿದ್ಯುತ್ ಸಂಕೇತ ಹರಿಯುತ್ತಿರುತ್ತದೆ. ಚರ್ಮ ತಾಗಿದರೆ ಅದು ಬದಲಾಗಿ, ಸೆಕೆಂಡಿನ ಸಾವಿರ ಭಾಗಗಳಲ್ಲಿ ಐದು ಭಾಗದೊಳಗೆ ಅಲ್ಯೂಮಿನಿಯಂ ತುಂಡೊಂದು ಹಲ್ಲಿಗೆ ನುಗ್ಗುತ್ತದೆ. ಬೆರಳು ಉಳಿಯುತ್ತದೆ, ಬ್ರೇಕ್ ಹಾಳಾಗುತ್ತದೆ, ಬ್ಲೇಡು ಕೂಡ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ತೀರಾ ಹಸಿ ಮರ, ಮೊಳೆ ತಾಗಿದರೂ ಹೀಗೇ ಆಗಬಹುದು. ಅಗ್ರಹಾರದ ಕಡೆ ಹಳೇ ಮನೆ ಕೆಡವಿದಾಗ ಸಿಗುವ ತೊಲೆ, ಚೌಕಟ್ಟುಗಳಲ್ಲಿ ಮುರಿದ ಮೊಳೆ ಒಳಗೇ ಹೂತಿರುತ್ತದೆ. ಮೆಟಲ್ ಡಿಟೆಕ್ಟರ್ ಆಡಿಸದೆ ಅಂಥ ಮರ ಕೊಯ್ದು ಬ್ರೇಕ್ ಹಾರಿಸಿದವರೇ ದುಡ್ಡು ಕಟ್ಟಬೇಕು. ಬೆರಳು ತಾಗಿ ಹಾರಿದರೆ ಎಲ್ಲರೂ ಹಂಚಿಕೊಳ್ಳಲಿ. ಇಲ್ಲದಿದ್ದರೆ ಖರ್ಚಿಗೆ ಹೆದರಿ ಜನ ಬ್ರೇಕನ್ನೇ ಆಫ್ ಮಾಡಿಡುತ್ತಾರೆ.

ಕಲಿಸುವ ಕ್ರಮ

ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ತರಬೇತಿ ಆಗಲಿಲ್ಲ. ಮೊದಲ ಪಾಠ ಪೂರ್ತಿ ಪ್ಲಗ್ ಕಿತ್ತೇ ನಡೆಯಲಿ. ಹೊಸಬರು ಬ್ಲೇಡು ಬಿಚ್ಚಿ ಹಾಕಲಿ, ಎತ್ತರ ಇಡಲಿ, ನಿಂತ ಬ್ಲೇಡಿನ ಪಕ್ಕ ಪುಶ್ ಸ್ಟಿಕ್ (ಕೈ ದೂರವಿಟ್ಟು ಮರ ತಳ್ಳುವ ಕೋಲು) ಹಿಡಿದು ಮರ ತಳ್ಳುವ ಅಭ್ಯಾಸ ಮಾಡಲಿ. ಕೈ ಎಲ್ಲಿರುತ್ತದೆ ಅಂತ ಆಗಲೇ ಗೊತ್ತಾಗುತ್ತದೆ. ಆಮೇಲೆ ಕರೆಂಟ್ ಕೊಟ್ಟು, ಒಂದಡಿ ಅಗಲದ ನೇರ ಪ್ಲೈವುಡ್ ತುಂಡಿನಿಂದ ಶುರು ಮಾಡಿ. ಕಲಿಸುವವರು ಸ್ಟಾಪ್ ಬಟನ್ ಪಕ್ಕವೇ ನಿಲ್ಲಬೇಕು. ಅದು ಸಲೀಸಾದರೆ ಕಿರಿದಾದ ರೀಪು, ನಂತರ ಮೈಟರ್ ಗೇಜ್ ಹಿಡಿದು ಅಡ್ಡ ಕತ್ತರಿಸುವುದು. ಬ್ಲೇಡು ಓರೆ ಮಾಡುವ ಕೆಲಸ ಇನ್ನೂ ಆಮೇಲೆ. ನಡುವೆ ಮೇನ್ ಸ್ವಿಚ್ ತೆಗೆದು ಮತ್ತೆ ಹಾಕಿ ನೋಡಿ. ಕರೆಂಟ್ ಹೋಗಿ ಬಂದಾಗ ಮಷಿನ್ ತಾನಾಗಿ ತಿರುಗಿದರೆ, ಆ ಸ್ವಿಚ್ ಬದಲಾಯಿಸುವವರೆಗೆ ಯಾರೂ ಮುಟ್ಟಬಾರದು.

ಮರದ ಅಂಟು ಮೆತ್ತಿಕೊಂಡ ಬ್ಲೇಡನ್ನು ಸೋಪು ನೀರಲ್ಲಿ ನೆನೆಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ. ತೊಳೆದ ಮೇಲೂ ಮರ ಸುಡುತ್ತಿದ್ದರೆ ಸಾಣೆಗೆ ಕೊಡಿ. ಕಾರ್ಬೈಡಿಗೆ ಅರ ನಾಟುವುದಿಲ್ಲ, ಡೈಮಂಡ್ ಚಕ್ರವೇ ಬೇಕು. ಬಿರುಕು ಬಿಟ್ಟ ಬ್ಲೇಡು ಗುಜರಿಗೆ. ಹಾಕುವ ಮುಂಚೆ ಅದರ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಗೀಟು ಎಳೆಯಿರಿ. ಇಲ್ಲದಿದ್ದರೆ ಯಾರೋ ಒಬ್ಬರು ‘ಇನ್ನೂ ಚೆನ್ನಾಗಿದೆಯಲ್ಲ’ ಅಂತ ಎತ್ತಿ ಮತ್ತೆ ಗೂಟಕ್ಕೇ ಹಾಕಿರುತ್ತಾರೆ.